ಹತ್ತರಲ್ಲೊಂದು ಪಾಲು

ನಮ್ಮ ಬಾಗಲಕೋಟೆಯ ಕಡೆ 'ತೀರಿಸು' ಎಂಬ ಒಂದೇ ಕ್ರಿಯಾಪದ ಎರಡು ಕೆಲಸಗಳಿಗೆ ಸಲ್ಲುತ್ತದೆ. ಸಾಲ ತೀರಿಸುವುದು ಒಂದು. ಹರಕೆ ತೀರಿಸುವುದು ಇನ್ನೊಂದು. ಬಾಗಲಕೋಟೆಯಿಂದ ಕಲಾದಗಿಗೆ ಹೋಗುವ ದಾರಿಯಲ್ಲಿರುವ ತುಳಸಿಗೇರಿ ನನ್ನ ಊರು. ಅಲ್ಲಿಯ ಹನುಮಪ್ಪನ ಗುಡಿಗೆ ಶನಿವಾರದ ದಿನ ಸುತ್ತಲಿನ ಹಳ್ಳಿಗಳಿಂದ ಜನ ಬರಿಗಾಲಿನಲ್ಲಿ ನಡೆದು ಬರುತ್ತಾರೆ, ದೀಡನಮಸ್ಕಾರ ಹಾಕುತ್ತಾರೆ, ಕಾರ್ತಿಕದಲ್ಲಿ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಪಡೆದದ್ದನ್ನು ಮೈಯ ದುಡಿಮೆಯಿಂದ ಸಲ್ಲಿಸುವ ರೀತಿ ಇದು. ಆ ಹನುಮಪ್ಪನ ಋಣವನ್ನು ಸಾಕ್ಷಾತ್ ಶ್ರೀರಾಮನೇ ತೀರಿಸಲಾರದೆ ಹೋದನೆಂದು ಅಭಿಮಾನದಿಂದ ಹೇಳುತ್ತಿದ್ದ ಊರ ಹಿರಿಯರು, ಸರಕಾರದ ಸಾಲದ ಮಾತು ಬಂದೊಡನೆ ದನಿ ತಗ್ಗಿಸುತ್ತಿದ್ದರು. ಅವರ ಮನಸ್ಸಿನಲ್ಲಿ ಋಣ ಬೇರೆ, ಸಾಲ ಬೇರೆ. ಋಣ ನಡತೆಯಿಂದ ತೀರುವಂಥದು. ಸಾಲಕ್ಕೆ ರೊಕ್ಕವೇ ಬೇಕು. ಸಾಲದ ವಿಷಯವಾಗಿ ಸರ್ವಜ್ಞ ಹೇಳಿದ ಮಾತು ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳಲು ಹೋಗುವುದಿಲ್ಲ.

ಓದುವ ಹುಡುಗರಿಗೆ ಸರಕಾರ ಕೊಟ್ಟ ಸಾಲ, ಆ ಸಾಲ ಮರಳಿದ ಅಥವಾ ಮರಳದೆ ಹೋದ ಬಗೆ, ಇದು ಈ ಹೊತ್ತಿನ ನನ್ನ ವಿಷಯ. ಈ ಚರಿತ್ರೆಯಲ್ಲಿ ಸುಮಾರು ಮೂವತ್ತು ವರ್ಷಗಳ ಒಂದು ಅವಧಿಯಿದೆ. ಆಗ ಸರಕಾರದ ಸಾಲಪತ್ರದೊಳಗೇ ಋಣದ ಒಂದು ಕಲಮು ಸೇರಿಕೊಂಡಿತ್ತು. ಅದು ಹೇಗೆ ಬಂದಿತು, ಹೇಗೆ ಹೋಯಿತು ಎಂಬುದನ್ನು ತಿಳಿಯಲು ಮೊದಲು ಹಳ್ಳಿಯ ಮನುಷ್ಯ ಸರಕಾರಿ ಸಾಲಕ್ಕೆ ಏಕೆ ಅಂಜುತ್ತಿದ್ದನೆಂಬುದನ್ನು ನೋಡಬೇಕು.

ತುಳಸಿಗೇರಿಗೆ ಸಮೀಪದ ಕಲಾದಗಿ ಇಂದು ದಾಳಿಂಬೆ, ಚಿಕ್ಕು ಹಣ್ಣುಗಳಿಗೆ ಹೆಸರಾಗಿದೆ. 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋಗುವ ತನಕ ಅದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಈ ಕಲಾದಗಿ ಜಿಲ್ಲೆ ಪಟ್ಟ ಪಾಡು ಮುಂಬಯಿ ಇಲಾಖೆಯ ಬೇರಾವ ಜಿಲ್ಲೆಗೂ ಕಡಿಮೆಯದಲ್ಲ. ಆ ಕ್ಷಾಮದ ನಂತರ, 1883ರಲ್ಲಿ ಭೂಸುಧಾರಣೆಯ ಸಾಲಗಳ ಕಾಯಿದೆ, 1884ರಲ್ಲಿ ಕೃಷಿಕರ ಸಾಲಗಳ ಕಾಯಿದೆ ಬಂದವು. ಬಾವಿ ತೋಡಲು, ಒಡ್ಡು ಹಾಕಲು, ಬೀಜ ಕೊಳ್ಳಲು, ಎತ್ತು ತರಲು ಸರಕಾರವೇ ಸಾಲ ಕೊಡತೊಡಗಿತು. ಇದಕ್ಕೆ ನಮ್ಮ ಜನ 'ತಗಾವಿ' ಎಂದರು. ಅರಬ್ಬಿಯಿಂದ ಬಂದ ಈ ಶಬ್ದದ ಮೂಲಾರ್ಥ 'ಬಲ ತುಂಬುವುದು'. ಆದರೆ ಶಬ್ದಗಳು ಮೂಲಾರ್ಥದಲ್ಲಿ ನಿಲ್ಲುವುದಿಲ್ಲ. ತಗಾವಿಯ ಬಾಕಿಯನ್ನು ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದೆಂದು ಆ ಕಾಯಿದೆಗಳಲ್ಲಿಯೇ ಇದ್ದುದರಿಂದ, ಮಳೆ ತಪ್ಪಿದ ವರ್ಷ ತಗಾವಿ ಎಂದರೆ ತಲಾಟಿ, ತಲಾಟಿ ಎಂದರೆ ಜಪ್ತಿ ಎಂಬ ಭಾವನೆ ಜನರಲ್ಲಿ ಬೇರೂರಿತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ, ನೆರೆಯವರಿಂದ ನೆರೆಯವರಿಗೆ ಎಂಬ ಇನ್ನೊಂದು ಬಗೆಯ ಸಾಲ ಹುಟ್ಟಿತೇನೋ ನಿಜ. ಆದರೆ ಸರಕಾರದ ರೊಕ್ಕದ ಅಂಜಿಕೆ ಅದರಿಂದ ಹೋಗಲಿಲ್ಲ.

ಇತ್ತ ವಿದ್ಯೆಗೆ ಸಾಲ ಎಂಬ ಕಲ್ಪನೆಯೇ ನಮ್ಮ ನಾಡಿಗೆ ಹೊಸದು. ವಿದ್ಯೆಗೆ ಇಲ್ಲಿ ದತ್ತಿಯಿತ್ತು, ವಾರಾನ್ನವಿತ್ತು, ಮಠದ ಪ್ರಸಾದವಿತ್ತು. ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ಇಲ್ಲಿ ತುಸು ನಿಧಾನವಾಗಿ ನೋಡುವುದು ಒಳ್ಳೆಯದು. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಸತಿಗೆ 27 ಮನೆಗಳು, ಶಾಲೆಯ ವೆಚ್ಚಕ್ಕೆ 500 ನಿವರ್ತನ ಭೂಮಿ, ಓದುವ ದೀಪದ ಎಣ್ಣೆಗೆಂದೇ ಬೇರೆ 12 ನಿವರ್ತನ. ಇಷ್ಟು ರಾಜಾಶ್ರಯದ ಮಾತಾಯಿತು. ನನಗೆ ಇದಕ್ಕಿಂತ ಹೆಚ್ಚು ಕುತೂಹಲದ್ದೆನಿಸುವುದು ಊರವರು ತಮ್ಮ ಮೇಲೆ ಹಾಕಿಕೊಂಡ ಕಟ್ಟಳೆ. ಮದುವೆಯಾದ ಮನೆಯವರು ಶಾಲೆಗೆ 5 ನಾಣ್ಯ ಕೊಡಬೇಕು. ಉಪನಯನವಾದರೆ ಅದರ ಅರ್ಧ. ಚೌಲವಾದರೆ ಇನ್ನೂ ಕಡಿಮೆ. ಅಂದರೆ ಓದುವ ಪರದೇಶದ ಹುಡುಗನ ಖರ್ಚನ್ನು ಊರಿನ ಶುಭಕಾರ್ಯಗಳು ಹೊರುತ್ತಿದ್ದವು. ಓದಿ ಹೋದವನು ಏನನ್ನಾದರೂ ಹಿಂದಿರುಗಿಸಬೇಕೆಂಬ ಕರಾರು ಆ ಕಂಬದ ಮೇಲಿಲ್ಲ. ಆ ಶಾಲೆಯ ಬಾಗಿಲು ಒಂದು ವರ್ಣದವರಿಗಷ್ಟೇ ತೆರೆದಿತ್ತೆಂಬುದನ್ನೂ ಈ ಕಟ್ಟಳೆಯೇ ಸೂಚಿಸುತ್ತದೆ. ಉಪನಯನವೇ ಇಲ್ಲದ ಮನೆಗಳ ಹುಡುಗರು ಆ ದೀಪದ ಬೆಳಕನ್ನು ಹೊರಗಿನಿಂದ ನೋಡಿರಬೇಕು. ಸಾವಿರ ವರ್ಷಗಳ ನಂತರ ಆ ಮನೆಗಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದಾಗ ದತ್ತಿಗಳ ಕಾಲ ಬಹುಮಟ್ಟಿಗೆ ಮುಗಿದಿತ್ತು. ಧಾರವಾಡದ ಮುರುಘಾಮಠದಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದವು. ಆದರೆ ಅನ್ನದ ಮೇಲೆ ಫೀ, ಪುಸ್ತಕ, ಬಸ್ಸಿನ ಚಾರ್ಜು ಎಂಬ ರೊಕ್ಕದ ಬಾಬುಗಳಿದ್ದವಷ್ಟೆ.

ಸ್ವತಂತ್ರ ಭಾರತದ ಕೇಂದ್ರ ಸರಕಾರ 1961ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನಗಳನ್ನು ಆರಂಭಿಸಿತು. ಅವು ಮೇಲಿನ ಅಂಕ ಪಡೆದ ಕೆಲವರಿಗೆ. ಅವರ ಕೆಳಗಿನ ಸಾಲಿನಲ್ಲಿ ನಿಂತ ಬಡ ಹುಡುಗರಿಗೆಂದು, ಚೀನಾ ಯುದ್ಧದ ಮರುವರ್ಷ, 1963-64ರಲ್ಲಿ ಇನ್ನೊಂದು ಯೋಜನೆ ಬಂದಿತು. ಅದರ ಹೆಸರು 'ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆ'. ಈ ಹೆಸರಿನ ವ್ಯಾಕರಣ ನನಗೆ ಇಂದಿಗೂ ಒಗಟು. ವೇತನವೆಂದರೆ ದುಡಿಮೆಗೆ ಕೊಡುವ ಸಂಬಳ. ಸಾಲವೆಂದರೆ ಮರಳಿ ಕೊಡಬೇಕಾದದ್ದು. ಎರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿದವರು ಯಾರೋ! ಆದರೆ ಯೋಜನೆಯ ಸ್ವಭಾವವನ್ನು ನೋಡಿದರೆ ಆ ಸಮಾಸ ಅಷ್ಟೇನೂ ತಪ್ಪಾಗಿರಲಿಲ್ಲವೆನಿಸುತ್ತದೆ.

ವರ್ಷಕ್ಕೆ 720 ರೂಪಾಯಿಯಿಂದ 1,750 ರೂಪಾಯಿಯವರೆಗೆ, ಓದುವ ಶಿಕ್ಷಣಕ್ರಮಕ್ಕೆ ತಕ್ಕಂತೆ ಸಾಲ. ಬಡ್ಡಿ ಇಲ್ಲ. ಗಳಿಕೆ ಆರಂಭವಾದ ಒಂದು ವರ್ಷದ ನಂತರ, ಇಲ್ಲವೇ ಓದು ಮುಗಿದ ಮೂರು ವರ್ಷಗಳ ನಂತರ, ಯಾವುದು ಮೊದಲೋ ಆಗ, ತಿಂಗಳ ಹಪ್ತೆಗಳಲ್ಲಿ ಮರುಪಾವತಿ ಆರಂಭ. ಹಣ ಕೇಂದ್ರದ್ದು, ಹಂಚುವ ಮತ್ತು ವಸೂಲು ಮಾಡುವ ಹೊಣೆ ರಾಜ್ಯಗಳದ್ದು. ಇವೆಲ್ಲ ಯಾವ ಸಾಲಕ್ಕಾದರೂ ಇರುವ ಷರತ್ತುಗಳು. ನಾನು ಆಗ ಹೇಳಿದ ಋಣದ ಕಲಮು ಬೇರೊಂದಿತ್ತು. ಸಾಲ ಪಡೆದವನು ಶಿಕ್ಷಕ ವೃತ್ತಿಯನ್ನು ಹಿಡಿದರೆ, ಅವನು ಕಲಿಸಿದ ಪ್ರತಿಯೊಂದು ವರ್ಷಕ್ಕೆ ಸಾಲದ ಹತ್ತನೆಯ ಒಂದು ಪಾಲು ಮಾಫಿ. ಹತ್ತು ವರ್ಷ ಕಲಿಸಿದರೆ ಸಾಲವೇ ಇಲ್ಲ.

ಇಂಥದೊಂದು ನಿಯಮ ಐದು ವರ್ಷ ಮೊದಲು ಅಮೆರಿಕದಲ್ಲಿಯೂ ಬಂದಿತ್ತು. 1957ರ ಅಕ್ಟೋಬರದಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕನ್ನರು ತಮ್ಮ ಶಾಲೆಗಳು ಹಿಂದೆ ಬಿದ್ದವೆಂದು ಗಾಬರಿಗೊಂಡರು. ಮರುವರ್ಷವೇ ಅವರ ಸಂಸತ್ತು ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ಮಾಡಿತು. ವಿದ್ಯಾರ್ಥಿಗಳಿಗೆ ಶೇಕಡಾ 3ರ ಬಡ್ಡಿಯಲ್ಲಿ ಸಾಲ. ಸರಕಾರಿ ಶಾಲೆಯಲ್ಲಿ ಕಲಿಸುವವರಿಗೆ ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ಅರ್ಧ ಸಾಲದವರೆಗೆ ಮಾಫಿ. ಅಲ್ಲಿ ಅರ್ಧಕ್ಕೆ ನಿಂತದ್ದು ನಮ್ಮಲ್ಲಿ ಪೂರ್ತಿಯಾಯಿತು. ಬಡ ದೇಶ ಇಲ್ಲಿ ಹೆಚ್ಚು ಉದಾರವಾಗಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಆ ಕಾಲದಲ್ಲಿ ನಮ್ಮ ತಾಲೂಕುಗಳಲ್ಲಿ ಹೈಸ್ಕೂಲುಗಳೂ ಕಾಲೇಜುಗಳೂ ಒಂದೊಂದಾಗಿ ಏಳುತ್ತಿದ್ದವು. ಬಸವೇಶ್ವರ ವಿದ್ಯಾವರ್ಧಕ ಸಂಘದ ಇಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿ ಆರಂಭವಾದುದು ಅದೇ 1963ರಲ್ಲಿ. ಕಟ್ಟಡಗಳು ಎದ್ದವು, ಕಲಿಸುವವರು ಬೇಕಾಗಿದ್ದರು. ಸಾಲಗಾರನನ್ನು ತರಗತಿಯ ಕೋಣೆಗೆ ತರುವ ಉಪಾಯವಾಗಿ ಈ ಕಲಮು ಹುಟ್ಟಿತು.

ನಾನು 1980ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿಗೆ ಸೇರಿದಾಗ ಈ ಸಾಲವನ್ನು ಪಡೆದೆ. ಎರಡು ವರ್ಷಕ್ಕೆ ಸುಮಾರು ಎರಡು ಸಾವಿರ ರೂಪಾಯಿ. ಕಾಲೇಜಿನ ಅಧ್ಯಾಪಕರ ಶ್ರೇಣಿ ಆಗ 700 ರೂಪಾಯಿಯಿಂದ ಆರಂಭವಾಗುತ್ತಿತ್ತು. ಅಂದರೆ ಸಾಲವೆಂಬುದು ಮೂರು ತಿಂಗಳ ಮೂಲವೇತನಕ್ಕೂ ಕಡಿಮೆ. ಇಂದಿನ ಹುಡುಗರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ಆದರೆ ಮುಚ್ಚಳಿಕೆ ಪತ್ರಕ್ಕೆ ಜಾಮೀನು ನಿಂತವರು ನನ್ನ ತಂದೆ. ಅವರ ತಂದೆ ಬಾವಿಗೆಂದು ತೆಗೆದ ತಗಾವಿಯ ಹಪ್ತೆಯನ್ನು ಅವರು ಬಹುಕಾಲ ಕಟ್ಟಿದವರು. 1972ರ ಬರದಲ್ಲಿ ಆ ಬಾವಿ ಬತ್ತಿದ್ದನ್ನು ನೋಡಿದವರು. ಸಹಿ ಮಾಡುವಾಗ ಅವರು ಮೊತ್ತವನ್ನು ಕೇಳಲಿಲ್ಲ, 'ಹೊಲದ ಸರ್ವೇ ನಂಬರು ಇದರಾಗ ಬರದಾರೇನು?' ಎಂದು ಮಾತ್ರ ಕೇಳಿದರು.

1982ರಲ್ಲಿ ನನಗೆ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಪ್ರತಿ ವರ್ಷ ಪ್ರಾಚಾರ್ಯರಿಂದ ಸೇವಾ ಪ್ರಮಾಣಪತ್ರ ಪಡೆದು ಕಳಿಸುವುದು, ಒಂದೊಂದು ಪಾಲು ಕಳೆಯುವುದು, ಹೀಗೆ ನಡೆದಿತ್ತು. ಆರನೆಯ ವರ್ಷದ ಬೇಸಿಗೆಯಲ್ಲಿ ಒಂದು ಕಚೇರಿಯಿಂದ ಪೂರ್ತಿ ಮೊತ್ತವನ್ನು ಕೂಡಲೇ ಕಟ್ಟಬೇಕೆಂಬ ನೋಟೀಸು ಹೊರಟು, ನನ್ನ ವಿಳಾಸಕ್ಕೆ ಬರುವ ಬದಲು ಜಾಮೀನುದಾರರ ವಿಳಾಸಕ್ಕೆ, ತುಳಸಿಗೇರಿಗೆ ಹೋಯಿತು. ನನಗೆ ಸುದ್ದಿ ಮುಟ್ಟುವುದರೊಳಗೆ ತಂದೆ ಮನೆಯ ಮಣಕನ್ನು ಮಾರಿ, ಬಂದ 600 ರೂಪಾಯಿಯನ್ನು ಖಜಾನೆಗೆ ಕಟ್ಟಿ ಬಂದಿದ್ದರು. ನಾನು ಊರಿಗೆ ಹೋಗಿ ಹತ್ತನೆಯ ಪಾಲಿನ ಲೆಕ್ಕವನ್ನು ವಿವರಿಸಿದೆ. ಅವರು ಶಾಂತವಾಗಿ ಕೇಳಿ, 'ನೀ ಮಾಸ್ತರಿಕಿ ಮಾಡಿದ್ದು ನಿನ್ನ ಲೆಕ್ಕ. ಸಹಿ ಮಾಡಿದಾಂವ ನಾ' ಎಂದರು. ಆ ಹಣ ಮರಳಲಿಲ್ಲ. ಮಾಫಿಯಾಗಬೇಕಾದ ಸಾಲಕ್ಕೆ ಬಂದ ಹಣವನ್ನು ಎಲ್ಲಿ ಬರೆಯಬೇಕೆಂಬ ಅಂಕಣವೇ ಆ ರಜಿಸ್ಟರಿನಲ್ಲಿರಲಿಲ್ಲ. ಕಲಮು ಎಷ್ಟೇ ಸೊಗಸಾಗಿರಲಿ, ಹಳ್ಳಿಯ ಬಾಗಿಲಿಗೆ ಬಂದಾಗ ಅದು ತಗಾವಿಯ ವೇಷದಲ್ಲಿಯೇ ಬಂದಿತು.

ದುಡಿಮೆಯಿಂದ ಸಾಲ ತೀರಿಸುವ ಕರಾರಿಗೆ ನಮ್ಮಲ್ಲಿ ಇನ್ನೂ ಹಿಂದಿನದೊಂದು ಪ್ರಸಿದ್ಧ ಉದಾಹರಣೆಯಿದೆ. ಅದನ್ನು ನೆನೆಯದೆ ಈ ಕಲಮಿನ ಗುಣಗಾನ ಮಾಡುವುದು ಸರಿಯಾಗಲಾರದು. 1913ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ವಿದ್ಯಾರ್ಥಿವೇತನದಿಂದ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಓದಿ ಬಂದ ಮೇಲೆ ಹತ್ತು ವರ್ಷ ಬಡೋದೆ ಸಂಸ್ಥಾನದ ಸೇವೆ ಮಾಡಬೇಕೆಂಬುದು ಅವರು ಬರೆದುಕೊಟ್ಟ ಕರಾರು. ಇಲ್ಲಿಯೂ ಹತ್ತೇ ವರ್ಷ! 1917ರಲ್ಲಿ ಅವರು ಕರಾರಿನಂತೆ ಕೆಲಸಕ್ಕೆ ಹಾಜರಾದರು. ಆದರೆ ಆ ಊರಿನಲ್ಲಿ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಬೇರೆ ಹೆಸರಿನಿಂದ ಉಳಿದಿದ್ದವರನ್ನು 11ನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಕಚೇರಿಯಲ್ಲಿ ಕಾಗದಗಳನ್ನು ಅವರ ಮೇಜಿನ ಮೇಲೆ ದೂರದಿಂದ ಒಗೆಯುತ್ತಿದ್ದರು. ಅವರು ಮುಂಬಯಿಗೆ ಮರಳಿದರು. ಸೇವೆಯಿಂದ ತೀರಿಸಲು ಸಿದ್ಧನಾದವನನ್ನು ಸೇವೆ ಮಾಡಲು ಸಮಾಜ ಬಿಡಬೇಕಲ್ಲ! 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಓದಲು ಹೊರಟಾಗ ಕೈಯಲ್ಲಿದ್ದದ್ದು ತಮ್ಮ ಉಳಿತಾಯ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಾತೇನಾ ಕೊಟ್ಟ 5,000 ರೂಪಾಯಿಯ ಸಾಲ. ಗೆಳೆಯನ ಸಾಲದಲ್ಲಿ ಅಂಥ ಕರಾರೇನೂ ಇರಲಿಲ್ಲ.

ರಾಷ್ಟ್ರೀಯ ಸಾಲ ಯೋಜನೆಯ ಕಾಲದಲ್ಲಿ ಈ ತೊಡಕು ಬೇರೆ ರೂಪದಲ್ಲಿ ಮುಂದುವರಿದಿತ್ತು. ಶಿಕ್ಷಕರಾದವರಿಗೆ ಮಾಫಿ, ಸರಿ. ಆದರೆ ಶಿಕ್ಷಕನಾಗುವುದು ಸಾಲಗಾರನ ಇಚ್ಛೆಯೊಂದರಿಂದಲೇ ಆಗುವಂಥದಾಗಿರಲಿಲ್ಲ. ನೇಮಕಕ್ಕಾಗಿ ಏಳೆಂಟು ವರ್ಷ ಕಾದು, ಕೊನೆಗೆ ಎಲ್ಲಿಯೋ ಗುಮಾಸ್ತರಾದ ಗೆಳೆಯರು ನನಗಿದ್ದಾರೆ. ಅವರಲ್ಲಿ ಒಬ್ಬ ಪ್ರತಿ ತಿಂಗಳೂ ತಪ್ಪದೆ ಹಪ್ತೆ ಕಟ್ಟಿ ಪೂರ್ತಿ ಸಾಲವನ್ನು ತೀರಿಸಿದ. ಅವನಿಗಿಂತ ಹೆಚ್ಚು ಸಂಬಳ ಪಡೆದ ನನಗೆ ಮಾಫಿ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು. ಮಗಳ ಹೆಸರಿನಲ್ಲಿ ಸಾಲಪತ್ರವಿದ್ದರೆ ಬೀಗರ ಮನೆಯವರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದು, ವರದಕ್ಷಿಣೆಯ ಮೇಲೆ ಇದೊಂದು ಹೊರೆಯೇಕೆಂದು, ಅರ್ಜಿಯನ್ನೇ ಹಾಕಗೊಡದ ತಂದೆತಾಯಿಗಳಿದ್ದರು.

ವಸೂಲಿಯ ಮಾತಿಗೆ ಬಂದರೆ, ಕೊಟ್ಟ ಸಾಲದ ಸಣ್ಣ ಪಾಲು ಮಾತ್ರ ಮರಳಿತು. ಇದಕ್ಕೆ ವಿದ್ಯಾವಂತರ ನೀತಿಗೇಡಿತನವೇ ಕಾರಣವೆಂದು ಬರೆದವರಿದ್ದಾರೆ. ನನಗೆ ಆ ಮಾತು ಅರ್ಧ ಸತ್ಯವಾಗಿ ತೋರುತ್ತದೆ. ಕೇಂದ್ರ ಕೊಟ್ಟ ಹಣವನ್ನು ವಸೂಲು ಮಾಡುವ ಆಸಕ್ತಿ ರಾಜ್ಯದ ಕಚೇರಿಗೆ ಎಷ್ಟಿದ್ದೀತು? ಹುಡುಗ ಊರು ಬಿಟ್ಟು ಧಾರವಾಡಕ್ಕೆ, ಅಲ್ಲಿಂದ ಬೆಂಗಳೂರಿಗೆ, ಮುಂಬಯಿಗೆ ಹೋದರೆ ಅವನ ಹೊಸ ವಿಳಾಸವನ್ನು ಹಳೆಯ ರಜಿಸ್ಟರು ಹೇಗೆ ಹುಡುಕೀತು? ಬಡ್ಡಿಯಿಲ್ಲದ ಸಾಲವಾದುದರಿಂದ ತಡಮಾಡಿದವನಿಗೆ ನಷ್ಟವೂ ಇರಲಿಲ್ಲ; ರೂಪಾಯಿಯ ಬೆಲೆ ಇಳಿದಂತೆಲ್ಲ ಸಾಲವೂ ತಾನಾಗಿ ಕರಗುತ್ತಿತ್ತು. ಹೀಗಾಗಿ ಹುಡುಕಲು ಸುಲಭವಾಗಿದ್ದವನು ಒಬ್ಬನೇ, ಹಳ್ಳಿಯಲ್ಲಿ ಹೊಲಕ್ಕೆ ಅಂಟಿಕೊಂಡಿದ್ದ ಜಾಮೀನುದಾರ. ಆಸ್ಟ್ರೇಲಿಯದವರು 1989ರಲ್ಲಿ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಚ್ಚಿದರು. ಪದವೀಧರನ ಆದಾಯ ಗೊತ್ತಾದ ಮಿತಿಯನ್ನು ದಾಟಿದಾಗ ಮಾತ್ರ, ಆದಾಯ ತೆರಿಗೆಯ ಜೊತೆಗೇ ಸಾಲದ ಪಾಲನ್ನೂ ಹಿಡಿಯತೊಡಗಿದರು. ಅಲ್ಲಿ ತಂದೆಯ ಸಹಿ ಬೇಕಾಗುವುದಿಲ್ಲ. ದುಡಿಯುವವರಲ್ಲಿ ಬಹುಪಾಲು ಜನ ಆದಾಯ ತೆರಿಗೆಯ ಪಟ್ಟಿಯಲ್ಲಿಯೇ ಇಲ್ಲದ ನಮ್ಮ ದೇಶದಲ್ಲಿ ಅದು ಹಾಗೆಯೇ ನಡೆಯುವಂಥದಲ್ಲ.

1990ರ ದಶಕದ ಆರಂಭದಲ್ಲಿ ಈ ಯೋಜನೆಯನ್ನು ನಿಲ್ಲಿಸಿದರು. ಆ ಹೊತ್ತಿಗೆ ಕಾಲವೇ ಬದಲಾಗಿತ್ತು. ವೃತ್ತಿಶಿಕ್ಷಣದ ಫೀ ಸಾವಿರಗಳಿಂದ ಲಕ್ಷಗಳಿಗೆ ಏರತೊಡಗಿದಾಗ, 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಒಂದು ಮಾದರಿ ಶಿಕ್ಷಣಸಾಲ ಯೋಜನೆಯನ್ನು ರೂಪಿಸಿತು. ಸಾಲ ಕೊಡುವ ಕೆಲಸ ಶಿಕ್ಷಣ ಇಲಾಖೆಯಿಂದ ಬ್ಯಾಂಕಿಗೆ ಬಂದಿತು. ದೇಶದೊಳಗಿನ ಓದಿಗೆ ಮೊದಲು 7.5 ಲಕ್ಷ, ಮುಂದೆ 10 ಲಕ್ಷದವರೆಗೆ; 4 ಲಕ್ಷದವರೆಗೆ ಆಧಾರ ಬೇಡ; ಅದಕ್ಕೆ ಮೇಲೆ ಜಾಮೀನು, ಇನ್ನೂ ಮೇಲೆ ಆಸ್ತಿಯ ಅಡವು. ತಂದೆ ಅಥವಾ ತಾಯಿ ಇಲ್ಲಿ ಬರಿಯ ಜಾಮೀನುದಾರರಲ್ಲ, ಸಹಸಾಲಗಾರರು. ಸರಕಾರ ದೂರ ನಿಂತು ಬಡ್ಡಿಯ ಕೆಲವು ಪಾಲನ್ನು ಹೊರುತ್ತದೆ. 2009ರಿಂದ, ವರ್ಷಕ್ಕೆ 4.5 ಲಕ್ಷದೊಳಗಿನ ಆದಾಯದ ಮನೆಗಳ ಮಕ್ಕಳು ವೃತ್ತಿಶಿಕ್ಷಣ ಪಡೆಯುವಾಗ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಏರ್ಪಾಡಾಯಿತು. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಶೇಕಡಾ 2ರ ದರದಲ್ಲಿ ಶಿಕ್ಷಣಸಾಲ ಕೊಟ್ಟವು. ಅದಕ್ಕೆ 'ಅರಿವು' ಎಂದು ಹೆಸರಿಟ್ಟರು. ವಚನಕಾರರ ಈ ಮಾತು ಸಾಲದ ಅರ್ಜಿಯ ನೆತ್ತಿಯ ಮೇಲೆ ಬಂದದ್ದನ್ನು ಕಂಡು ನನಗೆ ಸಂತೋಷವೇ ಆಯಿತು. 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ, ಆಯ್ದ ಉತ್ತಮ ಸಂಸ್ಥೆಗಳ ಓದಿಗೆ, ಶೇಕಡಾ 3ರ ಬಡ್ಡಿ ರಿಯಾಯಿತಿಯಿದೆ.

ಇವೆಲ್ಲವೂ ಉಪಕಾರವೇ. ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಮೊದಲ ಇಂಜಿನಿಯರು, ಮೊದಲ ದಾದಿ ಈ ಬ್ಯಾಂಕುಸಾಲದಿಂದಲೇ ಆದವರು. 720 ರೂಪಾಯಿಯ ಹಳೆಯ ಯೋಜನೆ ಅವರಲ್ಲಿ ಹತ್ತರಲ್ಲೊಬ್ಬರನ್ನೂ ಮುಟ್ಟುತ್ತಿರಲಿಲ್ಲ. ಆದರೆ ಲೆಕ್ಕದ ಸ್ವರೂಪವನ್ನು ನೋಡಿ. 4 ಲಕ್ಷ ರೂಪಾಯಿ ಸಾಲ, ಶೇಕಡಾ 10ರ ಬಡ್ಡಿ, ಏಳು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 6,640 ರೂಪಾಯಿಯಾಗುತ್ತದೆಂದು ಬ್ಯಾಂಕಿನಿಂದ ನಿವೃತ್ತರಾದ ಮಿತ್ರರೊಬ್ಬರು ನನಗೆ ಲೆಕ್ಕ ಹಾಕಿ ತೋರಿಸಿದರು. ಓದು ಮುಗಿದ ಒಂದು ವರ್ಷಕ್ಕೆ, ಇಲ್ಲವೇ ಕೆಲಸ ಸಿಕ್ಕ ಆರು ತಿಂಗಳಿಗೆ ಅದು ಆರಂಭವಾಗಬೇಕೆಂಬುದು 2001ರ ಮಾದರಿಯ ನಿಯಮ. ಇಷ್ಟು ಕಂತು ಹೊರಬೇಕಾದ ಹುಡುಗ ಯಾವ ಊರಿನ ಕೆಲಸವನ್ನು ಆರಿಸಿಕೊಳ್ಳುತ್ತಾನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಳೆಯ ಕಲಮು ಅವನನ್ನು ಹುನಗುಂದದ ಅಥವಾ ಬಾದಾಮಿಯ ತರಗತಿಯ ಕಡೆಗೆ ಎಳೆಯುತ್ತಿತ್ತು. ಹೊಸ ಕಂತು ಬೆಂಗಳೂರಿನ ಬಸ್ಸು ಹತ್ತಿಸುತ್ತದೆ. ಅಮೆರಿಕದವರು 2007ರಲ್ಲಿ ಆ ಹಳೆಯ ವಿಚಾರಕ್ಕೆ ಇನ್ನೊಂದು ರೂಪ ಕೊಟ್ಟು, ಸಾರ್ವಜನಿಕ ಸೇವೆಯಲ್ಲಿದ್ದುಕೊಂಡು 120 ತಿಂಗಳ ಕಂತು ಕಟ್ಟಿದವರ ಉಳಿದ ಸಾಲವನ್ನು ಬಿಟ್ಟುಬಿಡುವ ಕಾನೂನು ಮಾಡಿದರು. ಅಲ್ಲಿಯೂ ಮತ್ತೆ ಹತ್ತು ವರ್ಷ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಬ್ಬ ಹುಡುಗಿ, ಇಂಜಿನಿಯರಿಂಗ್ ಮುಗಿಸಿದವಳು, ತನ್ನ ಬ್ಯಾಂಕಿನ ಕರಾರುಪತ್ರವನ್ನು ನನ್ನ ಹತ್ತಿರ ತಂದಿದ್ದಳು. ಕಲಿಸುವುದರಲ್ಲಿ ಅವಳಿಗೆ ಮನಸ್ಸು. ಜಿಲ್ಲೆಯಲ್ಲಿಯೇ ಪಾಲಿಟೆಕ್ನಿಕ್ಕೊಂದರಲ್ಲಿ ತಾತ್ಪೂರ್ತಿಕ ಅಧ್ಯಾಪಕಿಯ ಕೆಲಸ ಸಿಗುವಂತಿತ್ತು. ಹಾಗೆ ಸೇರಿದರೆ ಸಾಲದಲ್ಲಿ ಏನಾದರೂ ಕಡಿಮೆಯಾಗುವ ನಿಯಮವಿದೆಯೇ ಎಂದು ಕೇಳಿದಳು. ನಾನು ಕನ್ನಡಕ ಹಾಕಿಕೊಂಡು ಷರತ್ತುಗಳನ್ನೆಲ್ಲ ಕೊನೆಯ ಪುಟದ ತನಕ ಓದಿದೆ. ತಡವಾದರೆ ದಂಡದ ಬಡ್ಡಿ ಎಷ್ಟು, ವಿಳಾಸ ಬದಲಾದರೆ ಎಷ್ಟು ದಿನದೊಳಗೆ ತಿಳಿಸಬೇಕು, ಸಹಸಾಲಗಾರರ ಹೊಣೆ ಏನು ಎಂಬುದೆಲ್ಲ ಅದರಲ್ಲಿತ್ತು. ಅವಳು ಕೇಳಿದ್ದು ಇರಲಿಲ್ಲ. ಅವಳು ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. ತಿಂಗಳ 5ನೆಯ ತಾರೀಖಿಗೆ ಅವಳ ಖಾತೆಯಿಂದ ಕಂತು ಕಡಿತವಾಗುತ್ತದೆ.